ನೀರನ್ನು ಒಣಗಿಸಬೇಡಿ, ಓಡಿಸಿ

ಪಾಠ ಶುರುಮಾಡುವ ಮೊದಲು ಅಡುಗೆಮನೆಯಿಂದ ಎರಡು ಸ್ಟೀಲ್ ತಟ್ಟೆ ತನ್ನಿ. ಎರಡನ್ನೂ ಬೋರ್‌ವೆಲ್ ನೀರಿನಲ್ಲಿ ಅದ್ದಿ ತೆಗೆಯಿರಿ. ಒಂದನ್ನು ಹಾಗೇ ಬಿಸಿಲಿಗಿಡಿ. ಇನ್ನೊಂದನ್ನು ಓರೆಯಾಗಿ ಹಿಡಿದು, ಹನಿಗಳೆಲ್ಲ ಅಂಚಿನಿಂದ ಕೆಳಗೆ ಬೀಳುವವರೆಗೆ ಬಾಯಿಂದ ಜೋರಾಗಿ ಊದಿ. ಅರ್ಧ ಗಂಟೆ ಬಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಿಸಿಲಿಗಿಟ್ಟ ತಟ್ಟೆಯಲ್ಲಿ ಹನಿ ಕೂತಿದ್ದ ಜಾಗದಲ್ಲೆಲ್ಲ ಬಿಳಿ ಉಂಗುರ ಬಿದ್ದಿರುತ್ತದೆ. ಊದಿದ ತಟ್ಟೆ ಬಹುಮಟ್ಟಿಗೆ ಸ್ವಚ್ಛವಾಗಿರುತ್ತದೆ. ಈಗ ಎರಡರಲ್ಲೂ ನೀರಿಲ್ಲ. ಆದರೆ ಮೊದಲನೆಯದರಲ್ಲಿ ನೀರು ಆವಿಯಾಗಿ ಹೋಯಿತು, ಎರಡನೆಯದರಲ್ಲಿ ನೀರಾಗಿಯೇ ಹೋಯಿತು.

ಕಾರು ತೊಳೆದ ಮೇಲೆ ಬ್ಲೋವರ್ ಯಾಕೆ ಹಿಡಿಯಬೇಕು ಎನ್ನುವ ಪ್ರಶ್ನೆಗೆ ಉತ್ತರ ಈ ಎರಡು ತಟ್ಟೆಗಳಲ್ಲೇ ಇದೆ. ವಾಹನ ರಿಪೇರಿ ಕಲಿಸುವ ಮೇಷ್ಟ್ರಾಗಿ ನಾನು ಹೊಸ ಹುಡುಗರಿಗೆ ಮೊದಲ ದಿನ ಮಾಡಿಸುವ ಪ್ರಯೋಗವೂ ಇದೇ. ಮೊದಲ ಸಲ ಕಾರು ಕೊಂಡವರು ದಾರಿಯಲ್ಲಿ ಸಿಕ್ಕಾಗ ಕೇಳುತ್ತಾರೆ: ‘ಮೇಷ್ಟ್ರೇ, ವಾಟರ್ ಸರ್ವೀಸ್‌ನವರು ಕೊನೆಗೆ ಗಾಳಿ ಹೊಡೀತಾರಲ್ಲ, ಅದು ಮನೆಯಲ್ಲೂ ಬೇಕಾ? ಒಂದು ಒಳ್ಳೆ ಬಟ್ಟೆ ಸಾಲದಾ?’ ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಕಾರಣ ತಿಳಿದರೆ ಕೈ ತಾನಾಗಿ ಸರಿಯಾದ ಕೆಲಸ ಮಾಡುತ್ತದೆ. ಆದ್ದರಿಂದ ಮೊದಲು ಕಾರಣ, ಆಮೇಲೆ ಯಂತ್ರ, ಕೊನೆಗೆ ಕೆಲಸ ಎಂಬ ಕ್ರಮದಲ್ಲಿ ಹೋಗೋಣ.

ಕಲೆ ಬರುವುದು ಎಲ್ಲಿಂದ?

ಪ್ಲಂಬರ್ ಗೀಸರ್ ಬಿಚ್ಚಿ ಕಾಯಿಲ್ ಹೊರಗೆಳೆದಾಗ ಅದರ ಮೇಲೆ ಸುಣ್ಣ ಬಳಿದಂಥ ಗಟ್ಟಿ ಪದರ ನೋಡಿರುತ್ತೀರಿ. ಬಚ್ಚಲಿನ ನಲ್ಲಿಯ ಬುಡದಲ್ಲಿ ಕಟ್ಟುವ ಬಿಳಿ ಹಕ್ಕಳೆಯೂ ಅದೇ. ನೆಲದಾಳದ ನೀರು ಕಲ್ಲು ಮಣ್ಣಿನ ನಡುವೆ ಹರಿಯುತ್ತಾ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ಗಡಸು ನೀರು ಎಂದು ಹೆಸರು, ಮನೆಯಲ್ಲಿ ನಾವು ಕರೆಯುವುದು ಉಪ್ಪು ನೀರು ಎಂದು. ಕರಗಿರುವಷ್ಟು ಹೊತ್ತು ಲವಣ ಕಣ್ಣಿಗೆ ಕಾಣುವುದಿಲ್ಲ. ನೀರು ಆವಿಯಾದಾಗ ಆ ಲವಣಗಳಲ್ಲಿನ ಬೈಕಾರ್ಬನೇಟ್ ಒಡೆದು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ, ನೀರಿನಲ್ಲಿ ಕರಗದ ಕಾರ್ಬನೇಟ್ ಹಿಂದೆ ಉಳಿಯುತ್ತದೆ. ಹನಿ ಅಂಚಿನಲ್ಲಿ ಬೇಗ ಒಣಗುವುದರಿಂದ ಒಳಗಿನ ನೀರು ಅಂಚಿನ ಕಡೆ ಹರಿದು ಲವಣವನ್ನೆಲ್ಲ ಅಲ್ಲಿಗೇ ಒಯ್ಯುತ್ತದೆ. ಮೇಜಿನ ಮೇಲೆ ಬಿದ್ದ ಕಾಫಿ ಹನಿ ಒಣಗಿದಾಗ ಅಂಚು ಗಾಢವಾಗಿ ನಡು ತೆಳುವಾಗಿ ಕಾಣುವುದು ಇದೇ ಕಾರಣಕ್ಕೆ.

ಇದು ಎಷ್ಟು ಲವಣ? ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, ಅಂದರೆ 2012ರ ಐಎಸ್ 10500, ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ನೀರು ಸಿಗದ ಕಡೆ 600ರವರೆಗೂ ಒಪ್ಪುತ್ತದೆ. ನಿಮ್ಮ ಬೋರ್ ನೀರು ಆ 600ರ ಗಡಿಯಲ್ಲಿದೆ ಎಂದುಕೊಳ್ಳಿ. ತೊಳೆದಾದ ಮೇಲೆ ಕಾರಿನ ಮೈ ಮೇಲೆ, ಸಂದುಗಳಲ್ಲಿ ಎಲ್ಲ ಸೇರಿ ಅರ್ಧ ಲೀಟರ್ ನೀರು ಉಳಿದರೂ ಅದರಲ್ಲಿ 300 ಮಿಲಿಗ್ರಾಂ ಲವಣ ಇರುತ್ತದೆ. ಕೈಯಲ್ಲಿ ಹಿಡಿದರೆ ಒಂದು ಚಿಟಿಕೆ. ಆ ಚಿಟಿಕೆಯನ್ನು ಸಾವಿರಾರು ಹನಿಗಳಿಗೆ ಹಂಚಿ ಕಡು ನೀಲಿ ಬಾನೆಟ್ಟಿನ ಮೇಲೆ ಒಣಗಲು ಬಿಟ್ಟರೆ ಕಾರು ಸಿಡುಬು ಎದ್ದ ಹಾಗೆ ಕಾಣುತ್ತದೆ.

ಬೆಂಗಳೂರಿನವರಿಗೆ ಇದು ಇನ್ನೂ ಹತ್ತಿರದ ವಿಷಯ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕುಡಿಯುವ ನೀರು ಕುಡಿಯುವುದಕ್ಕೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರಿಗೆ ಕಾವೇರಿ ನೀರು ತಪ್ಪಿದರೆ ಸಿಗುವುದು ಬೋರ್ ನೀರೇ. ನೀರು ಗಡಸಾದಷ್ಟೂ ತೊಳೆಯುವುದಕ್ಕಿಂತ ನೀರು ತೆಗೆಯುವ ಕೆಲಸಕ್ಕೆ ತೂಕ ಹೆಚ್ಚುತ್ತದೆ.

ಬಿಸಿಲಿನಲ್ಲಿ ತೊಳೆದರಂತೂ ಸಮಯವೇ ಸಿಗುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಕಪ್ಪು ಬಾನೆಟ್ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀವು ಬಕೆಟ್ ಪಕ್ಕಕ್ಕಿಟ್ಟು ಬಟ್ಟೆ ಹುಡುಕುವಷ್ಟರಲ್ಲಿ ಉಂಗುರ ಕೂತಿರುತ್ತದೆ. ಹೊಸ ಕಲೆ ಮೇಲೆ ಮೇಲೆ ಇರುತ್ತದೆ, ತೆಗೆಯಬಹುದು. ವಾರಗಟ್ಟಲೆ ಬಿಟ್ಟರೆ ಬಿಸಿಲಿಗೆ ಬೆಂದು ಬಣ್ಣದ ಮೇಲ್ಪದರವನ್ನೇ ತಿಂದು ಗುಳಿ ಮಾಡುತ್ತದೆ. ಆಗ ಪಾಲಿಶ್ ಮಾಡಿಸದೆ ಬೇರೆ ದಾರಿ ಇರುವುದಿಲ್ಲ.

ಬಟ್ಟೆಯೊಂದೇ ಯಾಕೆ ಸಾಲದು?

ಬಟ್ಟೆಯ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಮೈಕ್ರೋಫೈಬರ್ ಟವೆಲ್ ಈ ಪಾಠದ ಕೊನೆಯವರೆಗೂ ನಮ್ಮ ಜೊತೆ ಇರುತ್ತದೆ. ಆದರೆ ಅದಕ್ಕೆ ಎರಡು ಮಿತಿಗಳಿವೆ.

ಮೊದಲನೆಯದು ಗೀರು. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಹೊಳಪು ಕೊಡುವುದೂ ಬಿಸಿಲಿನಿಂದ ಬಣ್ಣ ಕಾಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಕೂದಲಿಗಿಂತ ತೆಳುವಾದ ಆ ಪದರದ ಮೇಲೆ ಒಂದು ಮರಳಿನ ಕಣ ಸಿಕ್ಕಿಕೊಂಡ ಬಟ್ಟೆಯನ್ನು ಒತ್ತಿ ಎಳೆದರೆ ಏನಾಗುತ್ತದೆ, ಯೋಚಿಸಿ. ಎಷ್ಟೇ ಚೆನ್ನಾಗಿ ತೊಳೆದರೂ ಒಂದೆರಡು ಕಣ ಉಳಿದೇ ಇರುತ್ತವೆ. ಗ್ಯಾರೇಜಿನ ಬನಿಯನ್ ಬಟ್ಟೆಯಿಂದಲೋ ಹಳೆಯ ಟವೆಲಿನಿಂದಲೋ ವರ್ಷವಿಡೀ ತಿಕ್ಕಿ ಒರೆಸಿದ ಕಾರನ್ನು ಬೆಳಗಿನ ಬಿಸಿಲಿಗೆ ನಿಲ್ಲಿಸಿ ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಗೀರುಗಳು ಹೊಳೆಯುತ್ತವೆ. ಗಾಳಿ ಬಣ್ಣವನ್ನು ಮುಟ್ಟಿಯೂ ತಿಕ್ಕುವುದಿಲ್ಲ.

ಎರಡನೆಯದು ಸಂದು. ಸೈಡ್ ಮಿರರ್‌ನ ಒಳಗೆ, ಡೋರ್ ಹ್ಯಾಂಡಲ್ ಹಿಂದೆ, ಪೆಟ್ರೋಲ್ ಮುಚ್ಚಳದ ಸುತ್ತ, ಕಿಟಕಿಯ ರಬ್ಬರ್ ಬೀಡಿಂಗ್ ಕೆಳಗೆ, ಹೆಡ್‌ಲೈಟ್ ಅಂಚಿನಲ್ಲಿ, ಕಂಪನಿಯ ಲಾಂಛನದ ಹಿಂದೆ, ನಂಬರ್ ಪ್ಲೇಟಿನ ಬೆನ್ನಿಗೆ, ಅಲಾಯ್ ವೀಲಿನ ನಟ್ಟುಗಳ ಕುಳಿಗಳಲ್ಲಿ ನೀರು ಅಡಗಿ ಕೂರುತ್ತದೆ. ಅಲ್ಲಿಗೆ ಬೆರಳೇ ಹೋಗುವುದಿಲ್ಲ, ಬಟ್ಟೆ ಎಲ್ಲಿಂದ ಹೋದೀತು? ಕಾರೆಲ್ಲ ಒರೆಸಿ ಕೈ ತೊಳೆದು ಬಂದರೆ ಮಿರರ್ ಕೆಳಗಿನಿಂದ ಒಂದು ಗೆರೆ ಬಾಗಿಲ ಮೇಲೆ ಇಳಿದಿರುತ್ತದೆ. ಅದನ್ನು ಒರೆಸುತ್ತೀರಿ. ಗೇಟು ದಾಟುವಾಗ ಇನ್ನೊಂದು ಇಳಿಯುತ್ತದೆ. ಬ್ಲೋವರ್ ಇಲ್ಲದವರು ಸೋಲುವುದು ಇಲ್ಲಿ.

ಗಾಳಿ ಮಾಡುವ ಕೆಲಸ ಯಾವುದು?

ಹೊಸಬರು ಮಾಡಿಕೊಳ್ಳುವ ಮೊದಲ ತಪ್ಪು ಕಲ್ಪನೆ ಎಂದರೆ, ಬ್ಲೋವರ್ ದೊಡ್ಡ ಹೇರ್ ಡ್ರೈಯರ್ ಇದ್ದ ಹಾಗೆ ಎಂಬುದು. ಅಲ್ಲ. ಹೇರ್ ಡ್ರೈಯರ್ ನೀರನ್ನು ಆವಿ ಮಾಡಲು ಇರುವ ಯಂತ್ರ. ಅರ್ಧ ಲೀಟರ್ ನೀರನ್ನು ಆವಿ ಮಾಡಲು ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಒಂದು ಭಾಗದಷ್ಟು ಶಕ್ತಿ ಬೇಕು. ಸಾವಿರ ವಾಟ್‌ನ ಡ್ರೈಯರ್‌ನ ಶಾಖ ಎಳ್ಳಷ್ಟೂ ಪೋಲಾಗದಿದ್ದರೂ 20 ನಿಮಿಷ ಹಿಡಿಯುತ್ತದೆ. ಪೋಲಾಗದೆ ಇರುವುದಿಲ್ಲ, ಆದ್ದರಿಂದ ಇನ್ನೂ ಹೆಚ್ಚೇ ಆಗುತ್ತದೆ. ಅಷ್ಟೆಲ್ಲ ಮಾಡಿದರೂ ಕೊನೆಗೆ ಸಿಗುವುದು ಬಿಸಿಲಿಗಿಟ್ಟ ಮೊದಲ ತಟ್ಟೆಯೇ! ನೀರು ಹೋಗಿ ಲವಣ ಉಳಿಯುತ್ತದೆ.

ಬ್ಲೋವರ್ ಮಾಡುವುದು ನೂಕುವ ಕೆಲಸ. ಹನಿಯನ್ನು ಹನಿಯಾಗಿಯೇ ಕಾರಿನಿಂದ ಕೆಳಗಿಳಿಸುತ್ತದೆ. ಹನಿಯ ಜೊತೆ ಅದರೊಳಗಿನ ಲವಣವೂ ನೆಲಕ್ಕೆ ಬೀಳುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಮುಂದಿನ ಪಾಠವೆಲ್ಲ ಸುಲಭ. ಗಾಳಿ ಬಿಸಿಯಾಗಿದೆಯೇ ಎಂಬುದಕ್ಕಿಂತ ಅದರ ವೇಗ ಎಷ್ಟು ಎಂಬುದು ಮುಖ್ಯವಾಗುತ್ತದೆ.

ವೇಗದ ಮಹಿಮೆ ಹೀಗಿದೆ: ಗಾಳಿಯ ವೇಗ ಎರಡು ಪಟ್ಟಾದರೆ ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗದ ಗಾಳಿ ಎದುರಾದದ್ದನ್ನು ಚದರ ಮೀಟರಿಗೆ ಸುಮಾರು 150 ಕೆ.ಜಿ. ಭಾರ ಹೇರಿದಂತೆ ಒತ್ತುತ್ತದೆ. ಸಂದಿನಲ್ಲಿ ನೀರು ಅಂಟಿ ಕೂರುವುದು ಮೇಲ್ಮೈ ಸೆಳೆತದಿಂದ, ದೀಪದ ಬತ್ತಿ ಎಣ್ಣೆ ಹೀರುವ ಅದೇ ಗುಣದಿಂದ. ಅರ್ಧ ಮಿಲಿಮೀಟರ್ ಅಗಲದ ಸಂದಿನಲ್ಲಿ ಆ ಹಿಡಿತವನ್ನು ಲೆಕ್ಕ ಹಾಕಿದರೆ ಮೇಲೆ ಹೇಳಿದ ಗಾಳಿಯ ಒತ್ತಡದ ಐದನೇ ಒಂದು ಭಾಗದಷ್ಟು ಬರುತ್ತದೆ. ಆದ್ದರಿಂದ ಬಟ್ಟೆ ಮುಟ್ಟದ ನೀರನ್ನು ಗಾಳಿ ಕಿತ್ತು ಹೊರಗೆ ಹಾಕುತ್ತದೆ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಕೆಸುವಿನ ಎಲೆ ಅಲ್ಲಾಡಿಸಿ ನೋಡಿದ್ದೀರಲ್ಲ? ಹನಿ ಮುತ್ತಿನಂತೆ ದುಂಡಗಾಗಿ ಉರುಳಿ ಹೋಗುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ವ್ಯಾಕ್ಸ್ ಹಚ್ಚಿದ ಅಥವಾ ಸೆರಾಮಿಕ್ ಕೋಟಿಂಗ್ ಮಾಡಿಸಿದ ಕಾರಿನ ಮೇಲೆ ನೀರು ಹೆಚ್ಚುಕಡಿಮೆ ಹಾಗೆಯೇ ವರ್ತಿಸುತ್ತದೆ, ಗಾಳಿ ಸೋಕಿದರೆ ಸಾಕು ಓಡುತ್ತದೆ. ಏನೂ ಹಚ್ಚದ ಹಳೆಯ ಕಾರಿನ ಮೇಲೆ ನೀರು ಚಪ್ಪಟೆಯಾಗಿ ಹರಡಿ ಅಂಟಿಕೊಳ್ಳುತ್ತದೆ. ಅಲ್ಲಿ ಬ್ಲೋವರ್ ಎಷ್ಟೇ ಹೊಡೆದರೂ ತೆಳ್ಳನೆಯ ತೇವ ಉಳಿಯುತ್ತದೆ. ಅದು ಯಂತ್ರದ ದೋಷವಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿ, ಅದೇ ಬ್ಲೋವರ್ ಹೊಸದಾದ ಹಾಗೆ ಅನ್ನಿಸುತ್ತದೆ.

ಯಾವ ಬ್ಲೋವರ್ ತರಬೇಕು?

ಸರಪಳಿಯ ಮೇಲೆ ಕಾರನ್ನು ಎಳೆದುಕೊಂಡು ಹೋಗುವ ದೊಡ್ಡ ಸ್ವಯಂಚಾಲಿತ ವಾಶ್‌ಗಳಲ್ಲಿ ಕೊನೆಗೆ ಕಮಾನಿನಂತೆ ನಿಂತ ಬ್ಲೋವರ್‌ಗಳು ಕಾರಿನ ಮೇಲೆ ಗಾಳಿ ಸುರಿಯುತ್ತವೆ. ಮನೆಗೆ ಅಷ್ಟೆಲ್ಲ ಬೇಡ.

ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ, ಕಂಪ್ಯೂಟರ್ ಧೂಳು ಊದಲು ಬಳಸುವ 500ರಿಂದ 800 ವಾಟ್‌ನ ಚಿಕ್ಕ ಬ್ಲೋವರ್ ಹೊಸಬರಿಗೆ ಸರಿಯಾದ ಮೊದಲ ಯಂತ್ರ. ಕೈಯಲ್ಲಿ ಹಿಡಿಯಬಹುದು, ಮನೆಯ ಮಾಮೂಲಿ ಸಾಕೆಟ್‌ನಲ್ಲೇ ನಡೆಯುತ್ತದೆ, ಸಂದುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಬಾನೆಟ್, ರೂಫ್‌ನಂಥ ಅಗಲದ ಜಾಗಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ತರಗೆಲೆ ಊದುವ ಬ್ಲೋವರ್‌ನಲ್ಲಿ ಗಾಳಿಯ ಪ್ರಮಾಣ ಹೆಚ್ಚು, ಅಗಲದ ಜಾಗ ಬೇಗ ಮುಗಿಯುತ್ತದೆ. ಕಾರಿಗೆಂದೇ ಮಾಡಿದ ಡ್ರೈಯರ್‌ಗಳಲ್ಲಿ ಉದ್ದನೆಯ ಪೈಪು, ಗಾಳಿ ಸೋಸುವ ಫಿಲ್ಟರ್, ರಬ್ಬರ್ ಮೂತಿ ಇರುತ್ತವೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ. ಪೆಟ್ರೋಲ್ ಬ್ಲೋವರ್ ಮನೆಯಂಗಳಕ್ಕೆ ಬೇಡ. ಅದು ಭಾರ, ಸದ್ದು ಹೆಚ್ಚು, ಹೊಗೆ ಬೇರೆ.

ಡಬ್ಬದ ಮೇಲೆ ಎರಡು ಅಂಕಿ ನೋಡಿ. ಒಂದು ನಿಮಿಷಕ್ಕೆ ಎಷ್ಟು ಗಾಳಿ ಎಂಬುದು, ಇನ್ನೊಂದು ಗಾಳಿಯ ವೇಗ. ಪ್ರಮಾಣವನ್ನು ಕೆಲವರು ಘನ ಮೀಟರ್‌ನಲ್ಲಿ, ಕೆಲವರು ಘನ ಅಡಿಯಲ್ಲಿ ಬರೆಯುತ್ತಾರೆ. ಒಂದು ಘನ ಮೀಟರ್ ಎಂದರೆ ಸುಮಾರು 35 ಘನ ಅಡಿ. ಹೋಲಿಸುವಾಗ ಮೋಸಹೋಗಬೇಡಿ. ಅಗಲದ ಜಾಗಕ್ಕೆ ಪ್ರಮಾಣ ಬೇಕು, ಸಂದಿಗೆ ವೇಗ ಬೇಕು. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದಲ್ಲ, ಕಿರಿದಾದ ಮೂತಿ ಹಾಕಿದರೆ ಗಾಳಿಯೂ ಹಾಗೆಯೇ. ಆದ್ದರಿಂದ ಅಗಲ ಒಂದು, ಕಿರಿದು ಒಂದು, ಎರಡು ಮೂತಿ ಇರುವ ಯಂತ್ರ ಆರಿಸಿ.

ಬ್ಯಾಟರಿಯದು ತಗೊಳ್ಳಬೇಕೆಂದಿದ್ದರೆ ಅಂಗಡಿಯಲ್ಲೇ ಈ ಲೆಕ್ಕ ಮಾಡಿ. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 72 ವಾಟ್ ಅವರ್ ಶಕ್ತಿ ಇರುತ್ತದೆ. ಬ್ಲೋವರ್ ಪೂರ್ತಿ ಜೋರಿನಲ್ಲಿ 360 ವಾಟ್ ಎಳೆದರೆ 12 ನಿಮಿಷಕ್ಕೆ ಖಾಲಿ. ಚಿಕ್ಕ ಕಾರಿಗೆ ಅಷ್ಟರಲ್ಲಿ ಕೆಲಸ ಮುಗಿಸಲು ಕೈ ಪಳಗಿರಬೇಕು. ಹೊಸಬರಿಗೆ ವೈರ್ ಇರುವುದೇ ನಿಶ್ಚಿಂತೆ.

ತೊಳೆಯುವಾಗಲೇ ಅರ್ಧ ಕೆಲಸ

ಬ್ಲೋವರ್ ಕೊಳೆ ತೆಗೆಯುವುದಿಲ್ಲ, ನೀರು ಮಾತ್ರ ತೆಗೆಯುತ್ತದೆ. ಮೊದಲು ಕಾರು ಚೆನ್ನಾಗಿ ತೊಳೆದಿರಬೇಕು. ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಮುಂಗೈ ಇಟ್ಟು ನೋಡಿ. ಕಾವು ಇದ್ದರೆ ಆರಲಿ, ಆಮೇಲೆ ನೀರು ಹಾಕಿ.

ಕೊನೆಯ ಸಲ ನೀರು ಹಾಯಿಸುವಾಗ ಒಂದು ಕೈಚಳಕ ಇದೆ. ಪೈಪಿನ ತುದಿಯ ಗನ್ ಬಿಚ್ಚಿಬಿಡಿ. ನಲ್ಲಿ ಸಣ್ಣಗೆ ತಿರುವಿ. ಪೈಪಿನ ಬಾಯಿಯನ್ನು ರೂಫ್‌ನ ಹತ್ತಿರ ಹಿಡಿದು, ನೀರು ಸಿಡಿಯದೆ ಹಾಳೆಯಂತೆ ಹರಿಯಲು ಬಿಡಿ. ಹರಿಯುವ ನೀರು ಹೋಗುತ್ತಾ ಬದಿಯ ಹನಿಗಳನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಗನ್ನಿನಿಂದ ಸಿಂಪಡಿಸಿದರೆ ಸಾವಿರ ಹನಿ ಉಳಿಯುವ ಜಾಗದಲ್ಲಿ ಹೀಗೆ ಹರಿಸಿದರೆ ನೂರು ಉಳಿಯಬಹುದು. ಬ್ಲೋವರ್‌ಗೆ ಅಷ್ಟು ಕೆಲಸ ಕಡಿಮೆ.

ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಬಳಸುವುದು ಒಳ್ಳೆಯ ಅಭ್ಯಾಸ. ಚಕ್ರ, ಮಡ್‌ಗಾರ್ಡ್, ಮ್ಯಾಟ್ ತೊಳೆಯಲು ಧಾರಾಳವಾಗಿ ಬಳಸಿ. ಕೊನೆಯ ನೀರಾಗಿ ಮಾತ್ರ ಹಾಕಬೇಡಿ. ಯಂತ್ರ ಸಿಹಿನೀರನ್ನು ನಿಮ್ಮ ಲೋಟಕ್ಕೆ ಕೊಟ್ಟು ಲವಣವನ್ನೆಲ್ಲ ಆ ನೀರಿಗೆ ತಳ್ಳಿರುತ್ತದೆ. ಒಳಬಂದ ನೀರಿನಲ್ಲಿ ಅರ್ಧ ಕುಡಿಯಲು, ಅರ್ಧ ಹೊರಕ್ಕೆ ಹೋದರೆ ಹೊರಹೋಗುವ ನೀರಿನಲ್ಲಿ ಲವಣ ಸುಮಾರು ಎರಡು ಪಟ್ಟು. ನೀರು ಉಳಿಸುವ ಉತ್ಸಾಹದಲ್ಲಿ ನಾನೇ ಒಂದು ಬೇಸಿಗೆಯಲ್ಲಿ ಕಡು ನೀಲಿ ಕಾರಿಗೆ ಅದನ್ನು ಕೊನೆಯ ನೀರಾಗಿ ಸುರಿದಿದ್ದೆ. ಆ ಕಲೆ ತೆಗೆಯಲು ಎರಡು ಭಾನುವಾರ ಹಿಡಿಯಿತು. ನಿಮ್ಮ ಮನೆಯಲ್ಲಿ ಮಳೆನೀರು ಸಂಗ್ರಹಿಸುತ್ತಿದ್ದರೆ ಕೊನೆಯ ಎರಡು ಬಕೆಟ್ ಅದನ್ನೇ ಹಾಕಿ. ಮಳೆನೀರು ಮೆದು, ಅದರಲ್ಲಿ ಸುಣ್ಣದ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಾಳಿಗೆಯ ಧೂಳು ಹೊತ್ತು ಬರುವ ಮೊದಲ ಮಳೆಯ ನೀರನ್ನು ಮಾತ್ರ ಬಿಟ್ಟುಬಿಡಿ.

ಈಗ ಬ್ಲೋವರ್ ಕೈಗೆತ್ತಿಕೊಳ್ಳಿ

ಕಾರಿನ ಕಡೆ ತಿರುಗಿಸುವ ಮೊದಲು ಯಂತ್ರವನ್ನು ಖಾಲಿ ಗೋಡೆಯ ಕಡೆ ಹಿಡಿದು ಅರ್ಧ ನಿಮಿಷ ಓಡಿಸಿ. ಈ ಚಿಕ್ಕ ಬ್ಲೋವರ್‌ಗಳಲ್ಲಿ ಹಲವಕ್ಕೆ ಚೀಲ ಕಟ್ಟಿ ಕಸ ಎಳೆಯಲೂ ಬರುತ್ತದೆ. ಹಿಂದಿನ ವಾರ ಸೀಟಿನ ಕಸ ಎಳೆದಿದ್ದರೆ ಒಳಗೆ ಉಳಿದ ಧೂಳೆಲ್ಲ ಒದ್ದೆ ಕಾರಿನ ಮೇಲೆ ಬಂದು ಬೀಳುತ್ತದೆ. ಯಂತ್ರವನ್ನು ನೆಲದ ಮೇಲೆ ಇಟ್ಟು ಓಡಿಸಬೇಡಿ, ಅಂಗಳದ ಮಣ್ಣನ್ನು ಅದು ಎಳೆದುಕೊಳ್ಳುತ್ತದೆ.

ಕಣದಲ್ಲಿ ರಾಗಿ ತೂರುವವರು ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ನಿಲ್ಲುತ್ತಾರೆ. ನೀವೂ ಹಾಗೇ ನಿಲ್ಲಿ. ಬೀಸುಗಾಳಿ ಬೆನ್ನಿಗೆ ಇರಲಿ. ಇಲ್ಲದಿದ್ದರೆ ನೂಕಿದ ನೀರು ನಿಮ್ಮ ಮುಖಕ್ಕೂ ಒಣಗಿದ ಜಾಗಕ್ಕೂ ಮರಳಿ ಬರುತ್ತದೆ.

ಮೂತಿಯನ್ನು ಕಾರಿನಿಂದ ಒಂದು ಗೇಣಿಗಿಂತ ಹತ್ತಿರ, ನಾಲ್ಕು ಬೆರಳಿಗಿಂತ ದೂರ ಹಿಡಿಯಿರಿ. ನೇರವಾಗಿ ಕೆಳಮುಖ ಹಿಡಿದರೆ ನೀರು ನಾಲ್ಕೂ ಕಡೆ ಸಿಡಿಯುತ್ತದೆ. ಓರೆಯಾಗಿ, ಹನಿಯ ಬುಡಕ್ಕೆ ಗಾಳಿ ನುಗ್ಗುವ ಹಾಗೆ ಹಿಡಿಯಿರಿ. ಒಂದೊಂದೇ ಹನಿಯ ಹಿಂದೆ ಓಡಬೇಡಿ. ಅಂಗಳ ಗುಡಿಸುವವರು ಒಂದು ಮೂಲೆಯಿಂದ ಶುರುಮಾಡಿ ಕಸವನ್ನೆಲ್ಲ ಬಾಗಿಲ ಕಡೆ ತರುತ್ತಾರಲ್ಲ, ಹಾಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೀರಿನ ಗೆರೆಯನ್ನು ನಿಧಾನವಾಗಿ ತಳ್ಳಿಕೊಂಡು ಹೋಗಿ. ಕೈ ಅವಸರ ಮಾಡಿದರೆ ಗೆರೆ ಒಡೆದು ಹನಿ ಹಿಂದೆ ಉಳಿಯುತ್ತದೆ.

ಕ್ರಮ ಮೇಲಿನಿಂದ ಕೆಳಕ್ಕೆ. ಮೊದಲು ರೂಫ್. ರೂಫ್ ಮೇಲಿನ ಉದ್ದ ಗೆರೆಯಂಥ ಕಾಲುವೆಗಳಲ್ಲಿ ಹಿಂದಿನಿಂದ ಮುಂದಕ್ಕೆ ಒಮ್ಮೆ ಗಾಳಿ ಹಾಯಿಸಿ. ಆಮೇಲೆ ಗಾಜುಗಳು. ಆಮೇಲೆ ವೈಪರ್ ಬುಡ, ಅಲ್ಲಿ ನೀವು ಊಹಿಸಿದ್ದಕ್ಕಿಂತ ಹೆಚ್ಚು ನೀರಿರುತ್ತದೆ. ಆಮೇಲೆ ಬಾನೆಟ್, ಗ್ರಿಲ್, ಹೆಡ್‌ಲೈಟ್, ನಂಬರ್ ಪ್ಲೇಟ್. ಇಲ್ಲಿ ಒಂದು ಅಪವಾದ: ಬದಿಯ ಬಾಗಿಲುಗಳಿಗಿಂತ ಮೊದಲು ಚಕ್ರ ಮುಗಿಸಿ. ಚಕ್ರದ ಕಡ್ಡಿಗಳ ನಡುವಿನ ನೀರು ಗಾಳಿಗೆ ಸಿಡಿದು ಬಾಗಿಲ ಮೇಲೆ ಬೀಳುತ್ತದೆ. ಬಾಗಿಲು ಮೊದಲು ಮಾಡಿದರೆ ಮತ್ತೆ ಮಾಡಬೇಕು. ಚಕ್ರವಾದ ಮೇಲೆ ಬದಿಗಳು, ಕೊನೆಗೆ ಡಿಕ್ಕಿ. ಕಿಟಕಿ ಗಾಜನ್ನು ಈಗಲೇ ಇಳಿಸಬೇಡಿ. ಬೀಡಿಂಗ್ ಉದ್ದಕ್ಕೂ ಗಾಳಿ ಹಾಯಿಸಿ ಒಳಗಿನ ನೀರು ಬಂದ ಮೇಲೆ ಇಳಿಸಿದರೆ ಗಾಜಿನ ಮೇಲೆ ಗೆರೆ ಬೀಳುವುದಿಲ್ಲ.

ಸೈಡ್ ಮಿರರ್ ಒಂದನ್ನು ಹತ್ತಿರದಿಂದ ತೋರಿಸುತ್ತೇನೆ, ಉಳಿದ ಸಂದುಗಳೆಲ್ಲ ಅದರ ಹಾಗೆಯೇ. ಕನ್ನಡಿಗೂ ಅದರ ಪ್ಲಾಸ್ಟಿಕ್ ಚಿಪ್ಪಿಗೂ ನಡುವೆ ಸುತ್ತಲೂ ಒಂದು ಸಂದು ಇರುತ್ತದೆ. ಕಿರಿದಾದ ಮೂತಿ ಹಾಕಿ, ಮೇಲಂಚಿನ ಸಂದಿಗೆ ಗಾಳಿ ಹಿಡಿಯಿರಿ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಕೆಳಂಚಿನಿಂದ ಮೊದಲ ಹನಿ ಇಣುಕುತ್ತದೆ, ಹಿಂದೆಯೇ ಸಣ್ಣ ಧಾರೆ ಇಳಿಯುತ್ತದೆ. ಮೂತಿಯನ್ನು ಅಂಚಿನ ಉದ್ದಕ್ಕೂ ನಿಧಾನವಾಗಿ ಸರಿಸಿ. ಧಾರೆ ನಿಂತು ತುಂತುರಾಗಿ, ತುಂತುರೂ ನಿಂತ ಮೇಲೆ ಮಿರರ್ ಮಡಚುವ ಕೀಲಿನ ಸಂದಿಗೆ ಹಿಡಿಯಿರಿ, ಅಲ್ಲಿಂದಲೂ ಒಂದಿಷ್ಟು ಬರುತ್ತದೆ. ಒಂದು ನಿಮಿಷ ಬಿಟ್ಟು ಬಂದು ಇನ್ನೊಮ್ಮೆ ಐದು ಸೆಕೆಂಡ್ ಹೊಡೆಯಿರಿ. ಮೊದಲ ಸಲ ಮೇಲೆ ಅಂಟಿದ್ದ ನೀರು ಆ ಒಂದು ನಿಮಿಷದಲ್ಲಿ ಕೆಳಗಿಳಿದು ಕೂತಿರುತ್ತದೆ. ಈ ಎರಡನೇ ಸಲವನ್ನು ಬಿಡುವವರಿಗೇ ಬಾಗಿಲ ಮೇಲೆ ಗೆರೆ ಬೀಳುವುದು.

ಎಲ್ಲ ಮುಗಿದ ಮೇಲೆ ಅಲ್ಲಲ್ಲಿ ಸಾಸಿವೆಯಷ್ಟು ಹನಿಗಳು ಉಳಿಯುತ್ತವೆ. ಈಗ ಟವೆಲ್ ತನ್ನಿ. ಎಳೆದು ತಿಕ್ಕಬೇಡಿ, ಹರಡಿ ಹಾಸಿ ಮೆಲ್ಲಗೆ ಒತ್ತಿ ತೆಗೆಯಿರಿ. ಮಗುವಿನ ತಲೆ ಒರೆಸುವಷ್ಟು ಹಗುರ ಇರಲಿ ಕೈ.

ಜೋಪಾನ

ನೀರು, ವಿದ್ಯುತ್ ಎರಡೂ ಒಂದೇ ಅಂಗಳದಲ್ಲಿರುವ ಕೆಲಸ ಇದು. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಕೈ ಒಣಗಿರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲಿನ ನೀರಿನಲ್ಲಿ ಬೇಡ, ಸ್ಟೂಲ್ ಮೇಲೆ ಇಡಿ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ, ಸುತ್ತಿದ ಹಾಗೇ ಬಳಸಿದರೆ ಕಾಯುತ್ತದೆ. 600 ವಾಟ್‌ನ ಬ್ಲೋವರ್ ಮೂರು ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ, ಚಿಕ್ಕ ಸಾಕೆಟ್ ಸಾಕು. 2,000 ವಾಟ್‌ನ ದೊಡ್ಡ ಡ್ರೈಯರ್ ಒಂಬತ್ತು ಆಂಪಿಯರ್ ದಾಟುವುದಿಲ್ಲವಾದರೂ ಚಿಕ್ಕ ಸಾಕೆಟ್ ಅದನ್ನು ತಾಳದು, ಗೀಸರ್ ಹಾಕುವಂಥ ದೊಡ್ಡ ಸಾಕೆಟ್ಟೇ ಬೇಕು. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿ. ವಿದ್ಯುತ್ ಸೋರಿದರೆ ಜೀವ ಕಾಯುವುದು ಅದೇ.

ಕಿವಿಯ ಬಗ್ಗೆ ಅಸಡ್ಡೆ ಬೇಡ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂದು ಲೆಕ್ಕ ಇಟ್ಟುಕೊಂಡರೆ, ಪ್ರತಿ 3 ಡೆಸಿಬಲ್ ಹೆಚ್ಚಿದಾಗಲೂ ಅವಧಿ ಅರ್ಧಕ್ಕಿಳಿಯುತ್ತದೆ. 94 ಡೆಸಿಬಲ್‌ಗೆ ಒಂದೇ ಗಂಟೆ. ಬ್ಲೋವರ್ ಕಿವಿಯ ಹತ್ತಿರವೇ ಕೂಗುವ ಯಂತ್ರ, ಆದ್ದರಿಂದ ಇಯರ್ ಪ್ಲಗ್ ಹಾಕಿಕೊಳ್ಳಿ. ಕಣ್ಣಿಗೆ ಒಂದು ಕನ್ನಡಕ ಇರಲಿ. ಪಕ್ಕದ ಮನೆಯಲ್ಲಿ ಹಸುಗೂಸು, ವಯಸ್ಸಾದವರು ಇರುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಇದೆ. ಭಾನುವಾರ ಬೆಳಗಿನ ಜಾವ ಊರು ಮಲಗಿರುವಾಗ ಬ್ಲೋವರ್ ಹಾಕುವುದು ಸಭ್ಯತೆಯಲ್ಲ. ಒಂಬತ್ತರ ಮೇಲೆ ಶುರುಮಾಡಿ, ಬೇಗ ಮುಗಿಸಿ.

ಗ್ಯಾರೇಜಿನ ಕಂಪ್ರೆಸರ್ ಗಾಳಿ ಬೇರೆಯೇ ಜಾತಿ. ಅದರ ಟ್ಯಾಂಕಿನಲ್ಲಿ ಟಯರಿಗೆ ತುಂಬುವುದಕ್ಕಿಂತ ಹೆಚ್ಚು ಒತ್ತಡ ಇರುತ್ತದೆ, ಸೋಸದಿದ್ದರೆ ಎಣ್ಣೆಯ ಪಸೆ, ನೀರಿನ ಅಂಶ ಜೊತೆಗೇ ಬರುತ್ತವೆ. ಅದರ ಏರ್ ಗನ್ನನ್ನು ಮೈಮೇಲೆ ಹಿಡಿದು ಬಟ್ಟೆಯ ಧೂಳು ಹೊಡೆದುಕೊಳ್ಳುವ ಹುಡುಗರನ್ನು ನಾನು ತರಗತಿಯಿಂದಲೇ ಹೊರಗೆ ನಿಲ್ಲಿಸುತ್ತೇನೆ. ಆ ಗಾಳಿ ಚರ್ಮದೊಳಗೆ ನುಗ್ಗಿದರೆ ಪ್ರಾಣಕ್ಕೇ ಅಪಾಯ. ಕಾರಿನ ಮೈ ಒಣಗಿಸಲು ಬ್ಲೋವರ್‌ನ ಮೆದು ಗಾಳಿಯೇ ಸರಿ. ಬಣ್ಣ ಸಿಪ್ಪೆ ಎದ್ದ ಜಾಗಕ್ಕೆ, ಅರ್ಧ ಎದ್ದ ಸ್ಟಿಕರ್‌ಗೆ ಅದನ್ನೂ ಹಿಡಿಯಬೇಡಿ. ಎಲೆಕ್ಟ್ರಿಕ್ ಕಾರಾದರೆ ಚಾರ್ಜಿಂಗ್ ಮುಚ್ಚಳ ಮುಚ್ಚಿಯೇ ಇರಲಿ, ನೀರನ್ನು ಅದರ ಒಳಕ್ಕೆ ನೂಕಬೇಡಿ.

ಇಷ್ಟೆಲ್ಲ ಮಾಡಿಯೂ ಒಂದೆರಡು ಬಿಳಿ ಉಂಗುರ ಉಳಿದರೆ ಗಾಬರಿ ಬೇಡ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಕಾರಿನ ಮೇಲೆ ಒದ್ದೆ ಬಟ್ಟೆಯಿಂದ ಒಂದೆರಡು ನಿಮಿಷ ಇಟ್ಟು, ತಕ್ಷಣ ನೀರಿನಿಂದ ತೊಳೆಯಿರಿ. ಹುಳಿ ಸುಣ್ಣವನ್ನು ಕರಗಿಸುತ್ತದೆ. ನಮ್ಮ ಅಜ್ಜಿಯರು ಹುಣಸೆಹುಳಿ ಹಚ್ಚಿ ತಾಮ್ರದ ಹಂಡೆ ಬೆಳಗಿದ್ದೂ ಹುಳಿಯ ಬಲದಿಂದಲೇ.

ಮನೆಪಾಠ

ಪಾಠ ಕೇಳಿದ್ದಾಯಿತು, ಈಗ ಒಂದು ಮನೆಪಾಠ. ಮುಂದಿನ ಸಲ ಎಲ್ಲ ಮುಗಿಸಿ ಟವೆಲ್ ಹಿಂಡಿ ಹಾಕಿದ ಮೇಲೆ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬನ್ನಿ. ಎರಡು ಮೂರು ಕಡೆ ಬ್ರೇಕನ್ನು ಮೆಲ್ಲಗೆ ಒತ್ತಿ, ಡಿಸ್ಕ್ ಮೇಲಿನ ತೇವ ಹೋಗುತ್ತದೆ, ತುಕ್ಕಿನ ಪೊರೆ ಕಟ್ಟುವುದಿಲ್ಲ. ಮನೆಗೆ ಬಂದು ಇಳಿದು ಕಾರಿನ ಸುತ್ತ ನಿಧಾನವಾಗಿ ನಡೆಯಿರಿ. ಎಲ್ಲೆಲ್ಲಿ ಹೊಸ ನೀರಿನ ಗೆರೆ ಇಳಿದಿದೆಯೋ ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಡ ಮಿರರ್, ಹಿಂದಿನ ನಂಬರ್ ಪ್ಲೇಟ್, ಪೆಟ್ರೋಲ್ ಮುಚ್ಚಳ, ಹೀಗೆ. ಪ್ರತಿ ಕಾರೂ ನೀರನ್ನು ತನ್ನದೇ ಜಾಗಗಳಲ್ಲಿ ಬಚ್ಚಿಡುತ್ತದೆ. ಆ ಚೀಟಿ ನಿಮ್ಮ ಕಾರಿನ ನಕ್ಷೆ, ಅದನ್ನು ಯಾವ ಮೇಷ್ಟ್ರೂ ಬರೆದುಕೊಡಲಾರ.

ಎರಡನೇ ವಾರ ಚೀಟಿಯಲ್ಲಿರುವ ಜಾಗಗಳಿಗೆ ಹತ್ತು ಸೆಕೆಂಡ್ ಹೆಚ್ಚು ಗಾಳಿ ಹಿಡಿಯಿರಿ. ಮೂರನೇ ವಾರಕ್ಕೆ ಪಟ್ಟಿ ಚಿಕ್ಕದಾಗುತ್ತದೆ. ಒಂದು ಸುತ್ತು ಹೋಗಿ ಬಂದು ನೋಡಿದಾಗ ಬಾಗಿಲ ಮೇಲೆ ಒಂದು ಗೆರೆಯೂ ಇಲ್ಲದ ದಿನ ಚೀಟಿಯನ್ನು ಹರಿದು ಹಾಕಿ. ಆ ಹೊತ್ತಿಗೆ ನಿಮ್ಮ ಕೈಗೆ ಆ ಜಾಗಗಳೆಲ್ಲ ಬಾಯಿಪಾಠವಾಗಿರುತ್ತವೆ.